ಹಾಸ್ಟೆಲಿನಲ್ಲಿ ‘ಸಹಪಾಠಿ ಮಾರ್ಗದರ್ಶಿ’ ಆಗಲೇ? ಅನುಭವ ಇದ್ದವರು ಹೇಳಿ

ಕೇಳಿದವರು: ಎಂ.ಎಸ್ಸಿ. ಮೊದಲ ವರ್ಷ. ಇಂಟರ್ನೆಟ್ ಚಟ, ಸೈಬರ್ ಕಿರುಕುಳದ ಬಗ್ಗೆ ಸಹಪಾಠಿಗಳಿಗೆ ತಿಳಿಹೇಳುವ ತಂಡಕ್ಕೆ ಕರೆದಿದ್ದಾರೆ. ವಾರಕ್ಕೆ ಎರಡು ಗಂಟೆಯಂತೆ. ಸೇರಲೇ?

ಧಾರವಾಡದವನು: ಎರಡು ಗಂಟೆಯ ಮಾತನ್ನು ನಂಬಬೇಡಿ. ಇಂಟರ್ನೆಟ್ ಚಟ ಎಷ್ಟಿದೆಯೆಂದು ನೂರು ಅಂಕಕ್ಕೆ ಅಳೆಯುವ, ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಅವರ 20 ಪ್ರಶ್ನೆಗಳನ್ನು ಕನ್ನಡಕ್ಕೆ ತರಲು ನನಗೆ ಮೂರು ರಾತ್ರಿ ಹಿಡಿಯಿತು. 62 ಪ್ರತಿ ಜೆರಾಕ್ಸ್, ತಲಾ ಮೂರು ರೂಪಾಯಿ, 186 ಸ್ವಂತ ಜೇಬಿನಿಂದ. ರಸೀದಿ ಇಲ್ಲವೆಂದು ಹಣ ಕೊಡಲಿಲ್ಲ. ತುಂಬಿ ಮರಳಿ ಬಂದದ್ದು ಒಂಬತ್ತು. ಒಂದರ ಹಿಂಬದಿಯಲ್ಲಿ ‘ನಿಮ್ಮದೆಷ್ಟು?’ ಎಂದು ಬರೆದಿತ್ತು. ನನ್ನದು ನೂರಕ್ಕೆ 71. ಆ ಹಾಳೆ ಇನ್ನೂ ನನ್ನ ಬಳಿ ಇದೆ.

ಮೈಸೂರಿನವಳು: ನಿಮಗೆ 186 ರೂಪಾಯಿಯ ಸಂಕಟ. ನನ್ನ ಫೋಟೊ ಹಾಕಿ ಯಾರೋ ನಕಲಿ ಖಾತೆ ತೆರೆದಾಗ ವಾರ್ಡನ್ ‘ಫೋಟೊ ಏಕೆ ಹಾಕಿದೆ?’ ಎಂದರು. ರಾತ್ರಿ ಹನ್ನೊಂದೂವರೆಗೆ ಎದುರು ಕೋಣೆಯ ಮಾರ್ಗದರ್ಶಿ ಹುಡುಗಿ ಬಂದು ಮೊದಲು ಕೇಳಿದ್ದು, ‘ಸ್ಕ್ರೀನ್‌ಶಾಟ್ ಇದೆಯೇ?’ ಎಂದು. ನಾನು ಹೆದರಿ ಎಲ್ಲವನ್ನೂ ಅಳಿಸಿಬಿಟ್ಟಿದ್ದೆ. ಖಾತೆಯ ವಿಳಾಸವೂ ಉಳಿದಿರಲಿಲ್ಲ. ಗೆಳತಿಯರ ಫೋನುಗಳಿಂದ ನಾಲ್ಕು ಚಿತ್ರ ಹೆಕ್ಕಿ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಹಾಕಿಸಿದಳು. ಮರುವರ್ಷ ನಾನೇ ತಂಡ ಸೇರಿದೆ.

ಶಿವಮೊಗ್ಗ: ಭಾಷಣದಿಂದ ಚಟ ಬಿಡುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್ಜಿ ನಿಷೇಧವಾಯಿತು, ನಾನು ಮರುದಿನವೇ ಬೇರೆ ಆಟಕ್ಕೆ ಹಾರಿದೆ. ಎರಡು ವಿಷಯ ಹೋದವು, ಮರುಪರೀಕ್ಷೆಯ ಶುಲ್ಕವನ್ನು ಅಕ್ಕ ಕಟ್ಟಿದಳು. ಹಾಸ್ಟೆಲಿನಲ್ಲಿ ಹನ್ನೊಂದಕ್ಕೆ ವೈಫೈ ಆರಿಸಿದರೆ ಸ್ವಂತ ಡೇಟಾ ಇತ್ತು. ಕೊನೆಗೆ ಅಪ್ಪ ನಿಮ್ಹಾನ್ಸಿಗೆ ಕರೆದೊಯ್ದರು. 2014ರಿಂದ ಅಲ್ಲಿ ಮೊಬೈಲ್, ಇಂಟರ್ನೆಟ್ ಚಟಕ್ಕೆ ಚಿಕಿತ್ಸೆ ಕೊಡುವ ‘ಶಟ್’ ಕ್ಲಿನಿಕ್ ಇದೆ. ಚಿಕಿತ್ಸೆ ತಜ್ಞರ ಕೆಲಸ, ಪಕ್ಕದ ಮಂಚದವನದ್ದಲ್ಲ.

ಮೈಸೂರಿನವಳು: ಚಿಕಿತ್ಸೆ ಕೊಡುತ್ತೇವೆಂದು ಯಾರು ಹೇಳಿದರು? ಅಪ್ಪನಿಗೆ ಹೇಳಲಾಗದ್ದನ್ನು ಪಕ್ಕದ ಮಂಚದವನಿಗೇ ಹೇಳುತ್ತಾರೆ. ಅವನಿಗೆ ಕ್ಲಿನಿಕ್ಕಿನ ದಾರಿ ಗೊತ್ತಿದ್ದರೆ ಸಾಕು.

ಶಿವಮೊಗ್ಗ: ನನ್ನ ಪಕ್ಕದ ಮಂಚದವನು ಅದನ್ನು ಇಡೀ ಮೆಸ್ಸಿಗೆ ಹೇಳಿದ. ‘ಪಬ್ಜಿ ಪೇಷಂಟ್’ ಎಂಬ ಹೆಸರು ಪದವಿ ಮುಗಿದರೂ ಹೋಗಲಿಲ್ಲ. ಅವನೂ ಮಾರ್ಗದರ್ಶಿಯೇ, ಎದೆಯ ಮೇಲೆ ಬ್ಯಾಡ್ಜ್ ಬೇರೆ.

ಧಾರವಾಡದವನು: ನಮಗೆ ಬ್ಯಾಡ್ಜ್ ಕೂಡ ಕೊಡಲಿಲ್ಲ.

ಹೊಸಬ: ಜೆರಾಕ್ಸಿಗೆ ಮೂರು ರೂಪಾಯಿಯೇ? ನಮ್ಮಲ್ಲಿ ಒಂದೇ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ.

ಧಾರವಾಡದವನು: ಎರಡೂ ಬದಿ ಸ್ವಾಮಿ, ಎರಡೂ ಬದಿ.

ಹೊಸಬ: ಹಾಗಾದರೂ ಎರಡೇ ಆಗಬೇಕು. ಅಲ್ಲದೆ ಹಿಂಬದಿಯಲ್ಲಿ ‘ನಿಮ್ಮದೆಷ್ಟು?’ ಎಂದು ಬರೆದಿತ್ತೆಂದು ನೀವೇ ಹೇಳಿದ್ದೀರಿ, ಅಂದರೆ ಅದು ಖಾಲಿ ಇತ್ತಲ್ಲ.