ಬೆಂಕಿಪೊಟ್ಟಣದ ಪ್ರಧಾನಿ

ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು. ರಾಯರ ಮನೆ ಜಗಲಿಯಲ್ಲಿ ನಾವು ಮೂವರು ಸೊಳ್ಳೆಗಳಿಗೆ ಊಟ ಹಾಕುತ್ತಾ ಕೂತಿದ್ದೆವು. ಸೊಳ್ಳೆಬತ್ತಿ ಹಚ್ಚೋಣವೆಂದು ರಾಯರು ಒಳಗಿನಿಂದ ಬೆಂಕಿಪೊಟ್ಟಣ ತಂದರು. ಮೇಷ್ಟ್ರು ಅದನ್ನು ಕಿತ್ತುಕೊಂಡು ಕಡ್ಡಿಗಳನ್ನೆಲ್ಲ ಟೀಪಾಯಿ ಮೇಲೆ ಸುರಿದುಬಿಟ್ಟರು.

"ಇವನ್ನಿಟ್ಟುಕೊಂಡು ಒಬ್ಬ ದೇಶದ ಲೆಕ್ಕ ನೋಡುತ್ತಿದ್ದ, ಗೊತ್ತಾ?"

"ಯಾರು, ನಮ್ಮ ಬಡಾವಣೆ ಸಂಘದ ಖಜಾಂಚಿನಾ?" ಅಂದೆ.

"ಬ್ರಿಟನ್ನಿನ ಪ್ರಧಾನಿ ಕಣಯ್ಯಾ. ಅಲೆಕ್ ಡಗ್ಲಸ್-ಹ್ಯೂಮ್. ಬರೆಯೋದು ಹೋಮ್, ಕರೆಯೋದು ಹ್ಯೂಮ್."

"ಬರೆದ ಹಾಗೆ ಓದಿದರೆ ಅವರ ಗಂಟೇನು ಹೋಗುತ್ತದೆ?" ಎಂದು ರಾಯರು ಗೊಣಗಿದರು. ನಲವತ್ತು ವರ್ಷ ಬ್ಯಾಂಕಿನಲ್ಲಿ ಸಹಿ ಹೋಲಿಸಿ ನೋಡಿದವರು. ಹೆಸರು ಒಂದು, ಕರೆಯೋದು ಒಂದು ಅಂದರೆ ಅವರಿಗೆ ಆಗಿಬರೋದಿಲ್ಲ.

ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಆ ಮನುಷ್ಯ ಸ್ಕಾಟ್ಲೆಂಡಿನ ದೊಡ್ಡ ಜಮೀನುದಾರರ ಮನೆ ಮಗ. ಹುಟ್ಟಿದ್ದು 1903ರಲ್ಲಿ. ಓದಿದ್ದು ಈಟನ್ ಅನ್ನೋ ಸಿರಿವಂತರ ಶಾಲೆ, ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ಬಂದದ್ದು ಥರ್ಡ್ ಕ್ಲಾಸು.

"ಹಾಗಾದರೆ ನಮ್ಮವನೇ," ಅಂದೆ.

"ನಿಮ್ಮವನು ಹೇಗಾದಾನು? ಅವನು ಹತ್ತು ಫಸ್ಟ್ ಕ್ಲಾಸ್ ಕ್ರಿಕೆಟ್ ಪಂದ್ಯ ಆಡಿದ್ದಾನೆ. ಬ್ರಿಟಿಷ್ ಪ್ರಧಾನಿಗಳಲ್ಲಿ ಆ ಮಟ್ಟದ ಕ್ರಿಕೆಟ್ ಆಡಿದವನು ಅವನೊಬ್ಬನೇ."

1938ರಲ್ಲಿ ಆಗಿನ ಪ್ರಧಾನಿ ಚೇಂಬರ್ಲೇನ್ ಹಿಟ್ಲರನ ಹತ್ತಿರ ಸಂಧಾನಕ್ಕೆ ಮ್ಯೂನಿಕ್‌ಗೆ ಹೋದಾಗ ಜೊತೆಗಿದ್ದ ಸಹಾಯಕ ಇವನೇ. ಎರಡು ವರ್ಷ ಕಳೆಯುವಷ್ಟರಲ್ಲಿ ಬೆನ್ನುಮೂಳೆಗೆ ಕ್ಷಯ ಬಂತು. ಆಪರೇಷನ್ ಆಯಿತು. ಸುಮಾರು ಎರಡು ವರ್ಷ ಪ್ಲಾಸ್ಟರಿನೊಳಗೆ ಅಂಗಾತ ಮಲಗಿದ. ಮಲಗಿದಲ್ಲೇ ಕಾರ್ಲ್ ಮಾರ್ಕ್ಸನ ಕ್ಯಾಪಿಟಲ್ ಓದಿದನಂತೆ, ಜಮೀನುದಾರರ ಮಗ! ಎದ್ದ ಮೇಲೆ ಡಾಕ್ಟರುಗಳ ಬಗ್ಗೆ ಹೇಳಿದ ಮಾತು ಪ್ರಸಿದ್ಧ: ರಾಜಕಾರಣಿಗೆ ಬೆನ್ನುಮೂಳೆ ಕೂರಿಸಿ, ಆಗದ ಕೆಲಸವನ್ನು ಮಾಡಿ ತೋರಿಸಿದರು ಅಂತ.

"ಈ ಕಡ್ಡಿ ಕಥೆ ಏನು? ಬೇಗ ಹೇಳಿ, ಬತ್ತಿ ಹಚ್ಚಬೇಕು," ರಾಯರು ಕಾಲು ಕೆರೆದುಕೊಂಡರು.

"1962ರಲ್ಲಿ ಒಬ್ಬ ಪತ್ರಕರ್ತ ಕೇಳಿದ, ನೀವು ಪ್ರಧಾನಿ ಆಗುತ್ತೀರಾ ಅಂತ. ಇಲ್ಲಪ್ಪ, ಅರ್ಥಶಾಸ್ತ್ರದ ಕಾಗದ ನೋಡುವಾಗ ನನಗೆ ಬೆಂಕಿಕಡ್ಡಿ ಜೋಡಿಸಿಕೊಂಡರೇನೇ ತಿಳಿಯೋದು ಅಂದ. ಮುಂದಿನ ವರ್ಷ ಪ್ರಧಾನಿ ಆದ!"

ಆದ ಬಗೆಯೂ ತಮಾಷೆಯೇ. 1951ರಲ್ಲಿ ಅಪ್ಪ ತೀರಿಕೊಂಡ ಕೂಡಲೇ ಇವನು 14ನೇ ಅರ್ಲ್. ಅರ್ಲ್ ಅಂದರೆ ಅಪ್ಪನಿಂದ ಮಗನಿಗೆ ಬರುವ ಪಟ್ಟ. ಬೇಕಿರಲಿ ಬೇಡವಿರಲಿ, ಗೆದ್ದ ಸೀಟು ಬಿಟ್ಟು ಪಾರ್ಲಿಮೆಂಟಿನ ಮೇಲ್ಮನೆಗೆ, ಲಾರ್ಡುಗಳ ಸಭೆಗೆ, ಹೋಗಬೇಕು. ಆ ಪಟ್ಟವನ್ನು ಬಿಡುವ ದಾರಿಯೇ ಇರಲಿಲ್ಲ. ಎದುರಾಳಿ ಲೇಬರ್ ಪಕ್ಷದ ಟೋನಿ ಬೆನ್‌ಗೂ ಅಪ್ಪ ಸತ್ತಾಗ ಇದೇ ಗತಿಯಾಯಿತು. ಅವನು ಬಿಡಲಿಲ್ಲ, ವರ್ಷಗಟ್ಟಲೆ ಜಗಳವಾಡಿ 1963ರ ಜುಲೈನಲ್ಲಿ ಕಾನೂನನ್ನೇ ಬದಲಾಯಿಸಿದ. ಅಕ್ಟೋಬರಿನಲ್ಲಿ ಪ್ರಧಾನಿ ಮ್ಯಾಕ್‌ಮಿಲನ್ ಕಾಯಿಲೆ ಬಿದ್ದರು. ಆಗ ಇವರ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕನ ಆಯ್ಕೆಗೆ ಓಟು ಅನ್ನೋದೇ ಇಲ್ಲ. ದೊಡ್ಡವರು ಅವರಿವರ ಕಿವಿ ಕಚ್ಚಿ ವಿಚಾರಿಸೋದು, ಅಷ್ಟೇ. ರಾಣಿ ಆಸ್ಪತ್ರೆಗೇ ಬಂದರು. ಮ್ಯಾಕ್‌ಮಿಲನ್ ಹಾಸಿಗೆಯಲ್ಲಿ ಕೂತೇ ಈ ಅರ್ಲ್ ಹೆಸರು ಹೇಳಿದರು.

"ಬಾವಿ ತೋಡಿದವನು ಟೋನಿ ಬೆನ್, ಕೊಡ ಹಿಡಿದು ಬಂದವನು ಇವನು," ಅಂದರು ರಾಯರು.

"ಹೂಂ. 19ನೇ ತಾರೀಕು ಪ್ರಧಾನಿ. 23ಕ್ಕೆ ಪಟ್ಟ ತ್ಯಾಗ. ನವೆಂಬರ್ 7ಕ್ಕೆ ಸ್ಕಾಟ್ಲೆಂಡಿನಲ್ಲಿ ಉಪಚುನಾವಣೆ. ನಡುವಿನ ಹದಿನೈದು ದಿನ ಆ ಸಭೆಯಲ್ಲೂ ಇಲ್ಲ, ಈ ಸಭೆಯಲ್ಲೂ ಇಲ್ಲ. ಪ್ರಧಾನಿ ಮಾತ್ರ ಹೌದು!"

ಲೇಬರ್ ನಾಯಕ ಹೆರಾಲ್ಡ್ ವಿಲ್ಸನ್ ಸುಮ್ನೆ ಬಿಡುತ್ತಾನಾ? 14ನೇ ಅರ್ಲ್ ಬಂದು ಕೂತರೆ ಪ್ರಜಾಪ್ರಭುತ್ವದ ಗತಿ ಏನು ಅಂತ ಅಣಕಿಸಿದ. ಇವನು ತಣ್ಣಗೆ, ಯೋಚಿಸಿ ನೋಡಿದರೆ ವಿಲ್ಸನ್ ಅವರೂ 14ನೇ ಮಿಸ್ಟರ್ ವಿಲ್ಸನ್ ಇರಬೇಕು ಅಂದ. ರಾಯರು ತೊಡೆ ತಟ್ಟಿ ನಕ್ಕರು. ಸೊಳ್ಳೆಯೂ ಒಂದು ಸತ್ತಿರಬಹುದು.

ಆದರೆ ಬಾಯಿ ಗೆದ್ದರೂ ಟೀವಿ ಸೋಲಿಸಿತು. ಒಮ್ಮೆ ಮೇಕಪ್ಪು ಮಾಡುವ ಹುಡುಗಿಗೆ, ನನ್ನನ್ನು ಇನ್ನೂ ಸ್ವಲ್ಪ ಚೆನ್ನಾಗಿ ಕಾಣಿಸೋಕೆ ಆಗುತ್ತಾ ಅಂತ ಕೇಳಿದ. ಆಗಲ್ಲ ಅಂದಳು. ಯಾಕಮ್ಮಾ? ನಿಮ್ಮದು ತಲೆಬುರುಡೆ ಥರದ ತಲೆ. ಎಲ್ಲರ ತಲೆಯೂ ಹಾಗೇ ಅಲ್ವಾ? ಇಲ್ಲ, ಅಂದಳು, ಕಡ್ಡಿ ಮುರಿದ ಹಾಗೆ. ಇದನ್ನು ಊರಿಗೆಲ್ಲ ಹೇಳಿಕೊಂಡು ನಕ್ಕವನೂ ಅವನೇ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿ.

1964ರ ಚುನಾವಣೆಗೆ ಬಂದಾಗ ಮೇಷ್ಟ್ರು ಕಡ್ಡಿ ಜೋಡಿಸತೊಡಗಿದರು. ಕಡ್ಡಿಗೆ ಇಪ್ಪತ್ತು ಸೀಟು. ಲೇಬರ್ 317, ಹದಿನಾರು ಕಡ್ಡಿ. ಕನ್ಸರ್ವೇಟಿವ್ 304, ಹದಿನೈದು. ಲಿಬರಲ್‌ಗೆ ಬಂದದ್ದು ಒಂಬತ್ತೇ. ಒಂದು ಕಡ್ಡಿಯನ್ನು ಪಟ್ಟೆಂದು ಮುರಿದು ಅರ್ಧ ಇಟ್ಟರು. ಮೊಬೈಲ್ ಬೆಳಕು ಹಿಡಿದು ನೋಡಿದೆವು. ಎರಡು ಸಾಲುಗಳ ನಡುವೆ ಒಂದೇ ಕಡ್ಡಿ ವ್ಯತ್ಯಾಸ.

"ಅಷ್ಟಕ್ಕೇ ಹೋಯಿತಾ?"

"ಹೋಯಿತು. 363 ದಿನದ ಪ್ರಧಾನಿ."

ಆಮೇಲೂ ಮುನಿಸಿಕೊಂಡು ಮನೆ ಸೇರಲಿಲ್ಲ. ಪಕ್ಷದಲ್ಲಿ ನಾಯಕನನ್ನು ಓಟು ಹಾಕಿ ಆರಿಸುವ ಪದ್ಧತಿ ತಂದು ತಾನು ಇಳಿದ. 1970ರಲ್ಲಿ ತನ್ನದೇ ಪಕ್ಷದ ಹೀತ್ ಸರ್ಕಾರ ಬಂದಾಗ ವಿದೇಶಾಂಗ ಮಂತ್ರಿಯಾಗಿ, ಮಾರನೇ ವರ್ಷ 105 ಮಂದಿ ಸೋವಿಯತ್ ಅಧಿಕಾರಿಗಳಿಗೆ ಗೂಢಚಾರಿಕೆಯ ಆರೋಪದ ಮೇಲೆ ಬಾಗಿಲು ತೋರಿಸಿದ.

"ಅಯ್ಯೋ, ಮುಖ್ಯವಾದದ್ದೇ ಮರೆತೆ," ಮೇಷ್ಟ್ರು ಹಣೆ ತಟ್ಟಿಕೊಂಡರು. "1964ರ ಏಪ್ರಿಲ್. ಅಬರ್ಡೀನ್ ಹತ್ತಿರ ಸ್ನೇಹಿತರ ಮನೆಯಲ್ಲಿ ಇವನೊಬ್ಬನೇ ಇದ್ದಾನೆ. ಬಾಗಿಲು ಬಡಿದ ಸದ್ದು. ಪ್ರಧಾನಿಯೇ ಎದ್ದು ತೆರೆದರೆ ಕಾಲೇಜು ಹುಡುಗರು. ನಿಮ್ಮನ್ನು ಎತ್ತಿಹಾಕಿಕೊಂಡು ಹೋಗುತ್ತೇವೆ ಅಂದರು. ಹಾಗೆ ಮಾಡಿದರೆ ನಮ್ಮ ಪಕ್ಷ ಇನ್ನೂರು ಮುನ್ನೂರು ಸೀಟಿನಿಂದ ಗೆಲ್ಲುತ್ತದಲ್ಲಪ್ಪಾ ಅಂದ. ಬಟ್ಟೆಬರೆ ಜೋಡಿಸಿಕೊಳ್ಳೋಕೆ ಹತ್ತು ನಿಮಿಷ ಕೇಳಿದ. ಜೊತೆಗೆ ಹುಡುಗರಿಗೆ ಬಿಯರು ಕೊಟ್ಟ. ಅವರು ಕುಡಿದು ಬಂದ ದಾರಿ ಹಿಡಿದರು! ಕಾವಲಿನವನ ಕೆಲಸ ಹೋದೀತೆಂದು ಬಹಿರಂಗ ಮಾಡಲಿಲ್ಲ. ಒಬ್ಬ ಸಹೋದ್ಯೋಗಿಯ ಡೈರಿಯಿಂದ 2008ರಲ್ಲಿ ಹೊರಬಿತ್ತು. ಇವನು ತೀರಿಕೊಂಡು ಹದಿಮೂರು ವರ್ಷ ಆಗಿತ್ತು."

ಅಷ್ಟರಲ್ಲಿ ಗೇಟಿನ ಹತ್ತಿರ ಟಾರ್ಚು ಬೆಳಕು ಕಂಡಿತು. ಮೇಷ್ಟ್ರ ಮನೆಯವರು.

"ಸಾರು ಆರಿ ತಣ್ಣಗಾಯಿತು. ಏಳಿ."

"ಹತ್ತು ನಿಮಿಷ ಕೊಡೇ, ಈ ಕಡ್ಡಿಯೆಲ್ಲ ಪೊಟ್ಟಣಕ್ಕೆ ತುಂಬಿ..."

ರಾಯರು ಎದ್ದು ನಿಂತು, ಬಹಳ ನಯವಾಗಿ, "ಬನ್ನಿ ತಾಯಿ, ಒಂದು ಲೋಟ ಕಾಫಿ ಕುಡಿದು ಹೋಗಿ," ಅಂದರು.

"ಕಾಫಿ ಬೇಡಿ," ಅಂದರು ಆಕೆ. "ಇವರನ್ನು ಕಳಿಸಿ."