ಸಹಾಯ ಬೇಕು: ಹಳೆ ಮನೆಯ ಬಾಗಿಲಿಗೆ ಸೊಳ್ಳೆ ಜಾಲರಿ

ಎಲ್ಲರಿಗೂ ನಮಸ್ಕಾರ ರೀ. ಧಾರವಾಡದಲ್ಲಿ ನಮ್ಮ ಅಜ್ಜನ ಕಾಲದ ಮನೆ ಇದೆ. ದಪ್ಪ ಗೋಡೆ, ಸಾಗವಾನಿ ಚೌಕಟ್ಟು, ಎರಡು ಕದದ ಬಾಗಿಲು. ಮುಂಬಾಗಿಲಿಗೆ, ಪಡಸಾಲೆಯ ಕಿಡಕಿಗಳಿಗೆ ಜಾಲರಿ ಹಾಕಿಸಬೇಕು. ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಬಾಗಿಲು ಮುಚ್ಚಿ ಕೂತರೆ ಗಾಳಿ ಇಲ್ಲ.

ತೊಂದರೆ ಏನೆಂದರೆ, ಚೌಕಟ್ಟು ಮೂಲೆಮಟ್ಟಕ್ಕೆ ಸರಿಯಾಗಿಲ್ಲ. ಮೇಲೆ, ನಡುವೆ, ಕೆಳಗೆ ಅಳೆದರೆ ಮೂರೂ ಅಗಲ ಬೇರೆ ಬೇರೆ. ರೆಡಿಮೇಡ್ ಕೂರುವುದೇ ಇಲ್ಲ. ಒಬ್ಬರು ಚೌಕಟ್ಟನ್ನೇ ಕೆತ್ತಿ ಸರಿ ಮಾಡೋಣ ಅಂದರು. ಅದು ಮಾತ್ರ ಬೇಡ. ಹಳೆ ಚೌಕಟ್ಟಿನಲ್ಲಿರುವಂಥ ಕುಸುರಿ ಕೆಲಸ ಈಗ ಯಾರು ಮಾಡಿಕೊಡುತ್ತಾರೆ?

ಅಲ್ಯೂಮಿನಿಯಂ ಫ್ರೇಮ್ ಹಗುರ, ಆದರೆ ಹಳೆ ಬಾಗಿಲಿನ ಮುಂದೆ ಚಂದ ಕಾಣಲ್ಲ. ಸಾಗವಾನಿ ಫ್ರೇಮೇ ನಮಗೆ ಇಷ್ಟ. ಧಾರವಾಡದ ಮಳೆಗಾಲಕ್ಕೆ ಮರ ಉಬ್ಬುತ್ತದಲ್ವಾ, ಸುತ್ತ ಎಷ್ಟು ಸಂದು ಬಿಡಬೇಕು? ಜಾಲರಿ ಸುಲಭಕ್ಕೆ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲ್‌ನದೇ ಇರಲಿ ಅನ್ನಿಸುತ್ತಿದೆ. ಫೈಬರ್ ಅಗ್ಗ, ಆದರೆ ಇಲಿ ಕಡಿಯುತ್ತದೆ, ಬೆಕ್ಕು ಪರಚಿದರೂ ಹರಿಯುತ್ತದೆ.

ಮನೆಗೇ ಬಂದು ಅಳತೆ ತೆಗೆದು, ಹಳೆ ಚೌಕಟ್ಟು ಕೆಡಿಸದೆ ಕೂರಿಸುವ ಬಡಿಗೇರರು ಹುಬ್ಬಳ್ಳಿ-ಧಾರವಾಡದಲ್ಲಿ ಗೊತ್ತಿದ್ದರೆ ಹೇಳಿ. ಮಾಡಿಸಿದವರು ದಯವಿಟ್ಟು ಫೋಟೋ ಹಾಕಿ, ಚದರ ಅಡಿಗೆ ಎಷ್ಟಾಯಿತು ಅಂತಲೂ ತಿಳಿಸಿ.