ಒಣಗಿ ಗಟ್ಟಿಯಾದ ನೆಲದಲ್ಲಿ ಮೆಟಲ್ ಡಿಟೆಕ್ಟರ್: ಇಂಗ್ಲೆಂಡಿನ ಬೇಸಿಗೆಯ ಪ್ರಶ್ನೋತ್ತರ

ಪ್ರಶ್ನೆ (ಕೆಂಟ್‌ನಿಂದ): ನಮಸ್ಕಾರ ಸರ್. ನನ್ನ ಹತ್ತಿರ ಗ್ಯಾರೆಟ್ ಏಸ್ 300ಐ ಇದೆ. ಕುದುರೆ ಮೇಯುವ ಒಂದು ಹುಲ್ಲುಗಾವಲಿನಲ್ಲಿ ಹುಡುಕಲು ಜಮೀನಿನ ಮಾಲೀಕರ ಲಿಖಿತ ಅನುಮತಿಯೂ ಇದೆ. ಏಪ್ರಿಲ್‌ನಲ್ಲಿ ಆರೇಳು ಇಂಚು ಆಳದ ನಾಣ್ಯಕ್ಕೂ ಸದ್ದು ಬರುತ್ತಿತ್ತು. ಈಗ ಮೂರು ವಾರದಿಂದ ಮಳೆ ಇಲ್ಲ. ಜೇಡಿಮಣ್ಣು ಇಟ್ಟಿಗೆಯಂತಾಗಿದೆ, ಸಿಗ್ನಲ್ಲೂ ಅರ್ಧಕ್ಕರ್ಧ ಕಮ್ಮಿ. ಮಿಷನ್ ಕೆಟ್ಟಿದೆಯಾ?

ಉತ್ತರ (ಡಿಟೆಕ್ಟರ್ ತಂತ್ರಜ್ಞ): ಕೆಟ್ಟಿರುವ ಸಾಧ್ಯತೆ ಕಡಿಮೆ. ಆದರೂ ಮೊದಲು ಅದನ್ನೇ ಖಚಿತ ಮಾಡಿಕೊಳ್ಳಿ. ಮರದ ಮೇಜಿನ ಮೇಲೆ ಡಿಟೆಕ್ಟರ್ ಇಟ್ಟು ಕಾಯಿಲ್ (ಕೋಲಿನ ತುದಿಯ ಚಪ್ಪಟೆ ತಟ್ಟೆ) ಹೊರಗೆ ಚಾಚಿರುವಂತೆ ಮಾಡಿ. ಮೊಬೈಲ್, ವೈಫೈ ರೂಟರ್, ಟ್ಯೂಬ್‌ಲೈಟ್ ಹತ್ತಿರ ಬೇಡ. ಒಂದು ಪೌಂಡ್ ನಾಣ್ಯವನ್ನು ಮಟ್ಟಸವಾಗಿ ಹಿಡಿದು ಕಾಯಿಲ್ ಮುಂದೆ ಆಡಿಸುತ್ತಾ ದೂರ ಸರಿಸಿ. ಸದ್ದು ಎಷ್ಟು ಸೆಂಟಿಮೀಟರಿಗೆ ನಿಲ್ಲುತ್ತದೆ ಎಂದು ಪುಸ್ತಕದಲ್ಲಿ ಬರೆದಿಡಿ, ಸೆನ್ಸಿಟಿವಿಟಿ ಎಷ್ಟಕ್ಕಿತ್ತು ಎನ್ನುವುದನ್ನೂ ಸೇರಿಸಿ. ತಿಂಗಳಿಗೊಮ್ಮೆ ಇದೇ ನಾಣ್ಯ, ಇದೇ ಮೇಜು. ಅಂಕಿ ಬದಲಾಗದಿದ್ದರೆ ಮಿಷನ್ ಸರಿ ಇದೆ, ಬದಲಾಗಿರುವುದು ನೆಲ.

ಬೇಸಿಗೆಯಲ್ಲಿ ಆಳ ಕಡಿಮೆಯಾಗುವುದಕ್ಕೆ ಹುಲ್ಲೂ ಒಂದು ಕಾರಣ. ಒಣಗಿ ನಿಂತ ಹುಲ್ಲಿನ ಮೇಲೆ ಕಾಯಿಲ್ ತೇಲಿದರೆ ನೆಲಕ್ಕೂ ಅದಕ್ಕೂ ಮೂರು ಇಂಚು ಅಂತರ. ಆ ಮೂರು ಇಂಚು ನೇರವಾಗಿ ಆಳದ ಲೆಕ್ಕದಿಂದಲೇ ಹೋಗುತ್ತದೆ. ಹುಲ್ಲನ್ನು ಕಾಯಿಲ್ಲಿನಿಂದಲೇ ಒತ್ತಿ ಬಗ್ಗಿಸುತ್ತಾ ನಿಧಾನವಾಗಿ ಬೀಸಿ. ಎಡದಿಂದ ಬಲಕ್ಕೆ ಒಂದು ಬೀಸಿಗೆ ಎರಡು ಸೆಕೆಂಡು ಇರಲಿ, ಮುಂದಿನ ಬೀಸು ಹಿಂದಿನದರ ಅರ್ಧದಷ್ಟನ್ನು ಮತ್ತೆ ಮುಟ್ಟಲಿ.

ಒದ್ದೆ ನೆಲದಲ್ಲಿ ಕಬ್ಬಿಣದ ತುಕ್ಕು ಸುತ್ತಲಿನ ಮಣ್ಣಿಗೂ ಹರಡಿರುವುದರಿಂದ ಮೊಳೆಯೂ ದೊಡ್ಡ ವಸ್ತುವಿನಂತೆ ಕೇಳುತ್ತದೆ. ನೆಲ ಒಣಗಿದಾಗ ಆ ಸದ್ದು ಕುಗ್ಗುತ್ತದೆ. ಅಂದರೆ ನೀವು ಕಳೆದುಕೊಂಡ ಸಿಗ್ನಲ್‌ಗಳಲ್ಲಿ ಒಂದು ಪಾಲು ಮೊಳೆಗಳದ್ದೇ, ಅದಕ್ಕೆ ಬೇಸರ ಬೇಡ.

ಏಸ್ 300ಐನಲ್ಲಿ ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಖನಿಜದ ಸದ್ದನ್ನು ಅಡಗಿಸುವ ಹೊಂದಾಣಿಕೆ) ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿರುತ್ತಾರೆ, ನಾವು ತಿರುಗಿಸಲು ಬರುವುದಿಲ್ಲ. ನೆಲ ಬಿರುಕು ಬಿಟ್ಟ ಕಡೆ ಕಾಯಿಲ್ ಹಾದಾಗ ಚಿಟಿಪಿಟಿ ಸದ್ದು ಬಂದರೆ ಸೆನ್ಸಿಟಿವಿಟಿ ಒಂದೆರಡು ಹಂತ ಇಳಿಸಿ. ಸದ್ದುಗದ್ದಲದ ಪೂರ್ಣ ಸೆನ್ಸಿಟಿವಿಟಿಗಿಂತ ಶಾಂತವಾಗಿರುವ ಮುಕ್ಕಾಲು ಸೆನ್ಸಿಟಿವಿಟಿ ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ (ರೆಡಿಂಗ್‌ನಿಂದ): ನನ್ನದು ಮೈನ್‌ಲ್ಯಾಬ್ ಇಕ್ವಿನಾಕ್ಸ್ 800. ಕಾರಿನಿಂದ ತೆಗೆದ ಮೊದಲ ಅರ್ಧ ಗಂಟೆ ಹುಚ್ಚುಹುಚ್ಚಾಗಿ ಸದ್ದು ಮಾಡುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ಯಾಕೆ?

ಉತ್ತರ (ಡಿಟೆಕ್ಟರ್ ತಂತ್ರಜ್ಞ): ಕಾಯಿಲ್ಲಿನ ಒಳಗಿರುವ ತಂತಿಸುರುಳಿಯ ಗುಣ ಬಿಸಿಗೆ ಸ್ವಲ್ಪ ಬದಲಾಗುತ್ತದೆ. ಡಿಕ್ಕಿಯಲ್ಲಿ ಕಾದ ಕಪ್ಪು ಕಾಯಿಲ್ ಹೊರಗೆ ಬಂದು ತಣಿಯುವವರೆಗೂ ಆ ಬದಲಾವಣೆ ನಡೆಯುತ್ತಲೇ ಇರುತ್ತದೆ. ನೀವು ಮೊದಲ ನಿಮಿಷದಲ್ಲೇ ಮಾಡಿದ ಬ್ಯಾಲೆನ್ಸ್ ಹತ್ತನೇ ನಿಮಿಷಕ್ಕೆ ಸುಳ್ಳಾಗುತ್ತದೆ. ಮರದ ನೆರಳಿನಲ್ಲಿ ಹದಿನೈದು ನಿಮಿಷ ಇಡಿ. ಆಮೇಲೆ ಯಾವ ಲೋಹವೂ ಇಲ್ಲದ ಒಂದು ಜಾಗ ಹುಡುಕಿ, ಗ್ರೌಂಡ್ ಬ್ಯಾಲೆನ್ಸ್ ಆಯ್ಕೆ ಮಾಡಿ ಗುಂಡಿ ಒತ್ತಿ ಹಿಡಿದುಕೊಂಡೇ ಕಾಯಿಲ್ಲನ್ನು ನೆಲದಿಂದ ಐದು ಸೆಂಟಿಮೀಟರಿಗೆ ಇಳಿಸುತ್ತಾ ಎತ್ತುತ್ತಾ ಇರಿ. ಸದ್ದು ಸಮವಾದಾಗ ಬಿಡಿ. ಬಿಸಿಲಿನ ದಿನ ಅರ್ಧ ಗಂಟೆಗೊಮ್ಮೆ ಇದನ್ನು ಮತ್ತೆ ಮಾಡಿ. ನೆರಳಿನಿಂದ ಬಯಲಿಗೆ ಹೋದಾಗಲೂ ಮಾಡಿ.

ಇನ್ನೊಂದು ಕಾರಣವನ್ನು ಬಹಳ ಜನ ನೋಡುವುದೇ ಇಲ್ಲ. ಕಾಯಿಲ್ ಕವರ್ ಬಿಚ್ಚಿ. ಒಣ ಧೂಳು, ಮರಳು ಅದರೊಳಗೆ ಸೇರಿಕೊಂಡು ಪ್ರತಿ ಬೀಸಿಗೂ ಅಲುಗಾಡುತ್ತದೆ, ಖನಿಜ ಹೆಚ್ಚಿರುವ ಮಣ್ಣಾದರೆ ಸುಳ್ಳು ಸದ್ದು ಖಂಡಿತ. ಒದ್ದೆ ಬಟ್ಟೆಯಿಂದ ಒರೆಸಿ, ಪೂರಾ ಒಣಗಿಸಿ ಹಾಕಿ.

ಬ್ಯಾಟರಿ ಬಗ್ಗೆ ಕೇಳದಿದ್ದರೂ ಹೇಳಬೇಕು. ಲಿಥಿಯಂ ಬ್ಯಾಟರಿ ಇರುವ ಮಿಷನ್ನನ್ನು ಗಾಜು ಏರಿಸಿದ ಕಾರಿನಲ್ಲಿ ಬಿಡಬೇಡಿ. ಮುಟ್ಟಿದರೆ ಬಿಸಿಯಾಗಿರುವಾಗ ಚಾರ್ಜಿಗೆ ಹಾಕಲೇಬೇಡಿ, ತಣ್ಣಗಾಗಲಿ. ಸ್ಕ್ರೀನ್ ಕಪ್ಪಾದರೆ ಹೆದರಬೇಡಿ, ಎಲ್‌ಸಿಡಿ ಅತಿ ಬಿಸಿಗೆ ಹಾಗಾಗುತ್ತದೆ, ನೆರಳಿಗೆ ತಂದರೆ ಮರಳುತ್ತದೆ. ಸೊಳ್ಳೆ ಕ್ರೀಮಿನಲ್ಲಿ ಡೀಟ್ ಇದ್ದರೆ ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ಸ್ಕ್ರೀನ್, ಹಿಡಿಕೆ ಮುಟ್ಟಬೇಡಿ.

ಪ್ರಶ್ನೆ (ಕೆಂಟ್‌ನಿಂದ): ಧನ್ಯವಾದ ಸರ್. ಇನ್ನು ಅಗೆಯುವುದು ಹೇಗೆ? ಸನಿಕೆ ಇಳಿಯುತ್ತಲೇ ಇಲ್ಲ. ಹೋದ ವಾರ ತೆಗೆದು ಮುಚ್ಚಿದ ಗುಂಡಿಗಳ ಮೇಲೆ ಹುಲ್ಲು ಕಂದಾಗಿದೆ, ರೈತರು ನೋಡಿದರೆ ಏನೆನ್ನುತ್ತಾರೋ.

ಉತ್ತರ (ಡಿಟೆಕ್ಟರ್ ತಂತ್ರಜ್ಞ): ನೇರವಾಗಿ ಹೇಳುತ್ತೇನೆ. ಬರಗಾಲದ ಹುಲ್ಲುಗಾವಲಿನಲ್ಲಿ ಅಗೆಯಬೇಡಿ. ವಸಂತದಲ್ಲಿ ಕತ್ತರಿಸಿದ ಹೆಪ್ಪೆ (ಬೇರು, ಮಣ್ಣು ಸಮೇತದ ಹುಲ್ಲಿನ ತುಂಡು) ವಾರದಲ್ಲಿ ಕೂಡಿಕೊಳ್ಳುತ್ತದೆ, ಜುಲೈಯಲ್ಲಿ ಬೇರು ಕಡಿದರೆ ಎರಡು ಮೂರು ದಿನಕ್ಕೇ ಒಣಗುತ್ತದೆ. ಅಗೆದ ಪ್ರತಿ ಜಾಗವೂ ಸೆಪ್ಟೆಂಬರ್‌ವರೆಗೆ ಕಂದು ಚೌಕವಾಗಿ ಉಳಿಯುತ್ತದೆ. ಮೇಲಾಗಿ ಅದು ಕುದುರೆ ಹೊಲ. ಸರಿಯಾಗಿ ಕೂರದ ಗುಂಡಿಗೆ ಕುದುರೆಯ ಕಾಲು ಸಿಕ್ಕಿ ಮುರಿದರೆ ಅನುಮತಿಯ ಮಾತು ಹಾಗಿರಲಿ, ಆ ಪ್ರಾಣಿಯನ್ನೇ ಕಳೆದುಕೊಳ್ಳಬೇಕಾದೀತು. ಸಿಗ್ನಲ್ ಬಂದ ಜಾಗಗಳನ್ನು ಫೋನಿನ ಜಿಪಿಎಸ್‌ನಲ್ಲಿ ಗುರುತು ಮಾಡಿಟ್ಟು ಎರಡು ದಿನ ಚೆನ್ನಾಗಿ ಮಳೆ ಬಂದು ನೆಲ ಹದಕ್ಕೆ ಬಂದ ಮೇಲೆ ಹೋಗಿ.

ತೆಗೆಯಲೇಬೇಕಾದ ಸಿಗ್ನಲ್ ಇದ್ದರೆ ಕ್ರಮ ಇದು. ಪಿನ್‌ಪಾಯಿಂಟರ್‌ನಿಂದ (ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್) ನಡುಬಿಂದು ಹಿಡಿಯಿರಿ. ಅದರ ಸುತ್ತ ಹತ್ತು ಸೆಂಟಿಮೀಟರ್ ಬಿಟ್ಟು ಮೂರು ಬದಿ ಕತ್ತರಿಸಿ, ನಾಲ್ಕನೇ ಬದಿ ಬಾಗಿಲ ಕೀಲಿನಂತೆ ಹುಲ್ಲಿಗೇ ಅಂಟಿರಲಿ. ಹತ್ತು ಸೆಂಟಿಮೀಟರಾದರೂ ದಪ್ಪ ಇಲ್ಲದಿದ್ದರೆ ಬೇರು ಉಳಿಯುವುದಿಲ್ಲ. ಮಣ್ಣನ್ನೆಲ್ಲ ಒಂದು ಟಾರ್ಪಾಲಿನ ತುಂಡಿನ ಮೇಲೆ ಹಾಕಿ. ಮುಚ್ಚುವಾಗ ತಳಕ್ಕೆ ಅರ್ಧ ಲೀಟರ್ ನೀರು ಸುರಿದು, ಮಣ್ಣು ತುಂಬಿ, ಹೆಪ್ಪೆ ಮಡಚಿ, ಹಿಮ್ಮಡಿಯಿಂದ ಒತ್ತಿ, ಮೇಲೆ ಇನ್ನರ್ಧ ಲೀಟರ್. ಒಂದು ಗುಂಡಿಗೆ ಒಂದು ಲೀಟರ್ ಎಂದರೆ ದಿನಕ್ಕೆ ಎಷ್ಟು ಅಗೆಯಬಹುದು ಎಂದು ನೀವೇ ಲೆಕ್ಕ ಹಾಕಿ.

ಒಣ ಹೆಂಟೆಯನ್ನು ಕುಟ್ಟಿ ಒಡೆಯುವುದು ಬೇಸಿಗೆಯ ದೊಡ್ಡ ತಪ್ಪು. ಮಧ್ಯಯುಗದ ಬೆಳ್ಳಿ ಪೆನ್ನಿ ಕೈಯಿಂದ ಅಚ್ಚು ಹೊಡೆದದ್ದು, ತೂಕ ಒಂದೂವರೆ ಗ್ರಾಂಗೂ ಕಡಿಮೆ, ದಪ್ಪ ಕಾಗದದಂತೆ. ಸನಿಕೆಯ ಏಟಿಗೆ ಎರಡು ತುಂಡಾಗುತ್ತದೆ. ಪಿನ್‌ಪಾಯಿಂಟರ್ ಕೂಗುವ ಹೆಂಟೆಯನ್ನು ಡಬ್ಬಿ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿ, ತಾನೇ ಕರಗುತ್ತದೆ. ಸಿಕ್ಕಿದ್ದನ್ನು ಒಣಮಣ್ಣಿನ ಬೆರಳಿನಿಂದ ಉಜ್ಜಬೇಡಿ, ಮಣ್ಣಿನ ಹರಳುಗಳು ಬೆಳ್ಳಿಯ ಮೈಯನ್ನೇ ಗೀಚುತ್ತವೆ.

ಪ್ರಶ್ನೆ (ಲೀಸ್ಟರ್‌ನಿಂದ): ಹಾಗಾದರೆ ಬೇಸಿಗೆಯಲ್ಲಿ ಎಲ್ಲಿ ಹೋಗಬೇಕು?

ಉತ್ತರ (ಡಿಟೆಕ್ಟರ್ ತಂತ್ರಜ್ಞ): ಕೂಳೆ ಹೊಲಕ್ಕೆ. ಬಾರ್ಲಿ ಜುಲೈಯಲ್ಲಿ, ಗೋಧಿ ಆಗಸ್ಟ್‌ನಲ್ಲಿ ಕೊಯ್ಲಾಗುತ್ತದೆ. ಕೊಯ್ಲಿಗೂ ಮುಂದಿನ ಉಳುಮೆಗೂ ನಡುವೆ ಕೆಲವೇ ದಿನ ಸಿಗುತ್ತವೆ, ಸಾಸಿವೆ ಜಾತಿಯ ಎಣ್ಣೆಬೀಜ ಬಿತ್ತುವ ರೈತನಾದರೆ ಇನ್ನೂ ಕಡಿಮೆ. ಯಾವ ಹೊಲ ಯಾವಾಗ ಎಂದು ಜೂನ್‌ನಲ್ಲೇ ಕೇಳಿಟ್ಟುಕೊಳ್ಳಿ. ಕೂಳೆ ಹತ್ತು ಹದಿನೈದು ಸೆಂಟಿಮೀಟರ್ ನಿಂತಿರುತ್ತದೆ, ದೊಡ್ಡ ಕಾಯಿಲ್ ಅದರ ಮೇಲೆಯೇ ಜಾರುತ್ತದೆ. ಆರು ಇಂಚಿನ ಸಣ್ಣ ಕಾಯಿಲ್ ಹಾಕಿ ಸಾಲುಗಳ ನಡುವೆ, ಸಾಲಿನ ಉದ್ದಕ್ಕೇ ನಡೆಯಿರಿ. ಉತ್ತು ರೋಲರ್ ಹೊಡೆದ ಮೇಲಿನ ಎರಡು ದಿನ ಇನ್ನೂ ಚೆನ್ನ. ನೆಲ ಚಪ್ಪಟೆ, ಮಣ್ಣು ಸಡಿಲ, ಕೆಳಗಿದ್ದದ್ದು ಮೇಲೆ ಬಂದಿರುತ್ತದೆ.

ಕಾರನ್ನು ಕೂಳೆಯ ಮೇಲೆ ನಿಲ್ಲಿಸಲೇಬೇಡಿ. ಎಕ್ಸಾಸ್ಟ್ ಕೊಳವೆಯ ಬಿಸಿಗೆ ಒಣಹುಲ್ಲು ಹತ್ತಿಕೊಂಡರೆ ಇಡೀ ಹೊಲ ಹೋಗುತ್ತದೆ. ಸಿಗರೇಟಂತೂ ಗೇಟಿನಾಚೆ. ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾದ 2022ರ ಜುಲೈ 19ರಂತಹ ದಿನಗಳಲ್ಲಿ ಹೊಲಕ್ಕೆ ಹೋಗದಿರುವುದೇ ಸರಿ.

ಕಾಂಪೋಸ್ಟ್ ಗೊಬ್ಬರ ಹರಡಿದ ಹೊಲವಾದರೆ ಮುಂಚೆಯೇ ಕೇಳಿ. ಮನೆಕಸದ ಅಲ್ಯೂಮಿನಿಯಂ ಚೂರುಗಳು ಅದರಲ್ಲಿ ಬೆರೆತಿದ್ದರೆ ಹೆಜ್ಜೆಗೆ ನಾಲ್ಕು ಸುಳ್ಳು ಸಿಗ್ನಲ್. ಅಂತಹ ಹೊಲ ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಪ್ರಶ್ನೆ (ಬ್ರೈಟನ್‌ನಿಂದ): ಸಮುದ್ರ ತೀರ?

ಉತ್ತರ (ಡಿಟೆಕ್ಟರ್ ತಂತ್ರಜ್ಞ): ತೀರ ಯಾರದ್ದು ಎಂದು ಮೊದಲು ನೋಡಿ. ಕ್ರೌನ್ ಎಸ್ಟೇಟ್ (ರಾಜಮುಕುಟದ ಆಸ್ತಿ ನೋಡಿಕೊಳ್ಳುವ ಸಂಸ್ಥೆ), ಕೌನ್ಸಿಲ್, ಖಾಸಗಿ, ಮೂರೂ ಇರುತ್ತವೆ, ನಿಯಮವೂ ಬೇರೆ ಬೇರೆ. ಒಣಮರಳಿನಲ್ಲಿ ಯಾವ ಮಿಷನ್ನಾದರೂ ನಡೆಯುತ್ತದೆ. ಉಪ್ಪುನೀರಿನ ಒದ್ದೆ ಮರಳು ತಾನೇ ವಿದ್ಯುತ್ ಹರಿಸುವುದರಿಂದ ಒಂದೇ ಫ್ರೀಕ್ವೆನ್ಸಿಯ ಮಿಷನ್ ಅಲ್ಲಿ ಬಾಯಿಬಡಿದುಕೊಳ್ಳುತ್ತದೆ, ಹಲವು ಫ್ರೀಕ್ವೆನ್ಸಿಯದ್ದು ಬೇಕು. ಬೆಳಿಗ್ಗೆ ಐದರಿಂದ ಏಳು, ಅಥವಾ ಜನ ಎದ್ದುಹೋದ ಸಂಜೆ. ಚಿನ್ನದ ಉಂಗುರವೂ ಕ್ಯಾನಿನ ಮುಚ್ಚಳದ ಕೊಂಡಿಯೂ ಮಿಷನ್ನಿನ ಸ್ಕ್ರೀನಿನಲ್ಲಿ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತವೆ, ಕೊಂಡಿ ಬೇಡವೆಂದು ಆ ಸಂಖ್ಯೆ ಬಿಟ್ಟರೆ ಉಂಗುರವೂ ಹೋಗುತ್ತದೆ. ಸಿಕ್ಕ ಉಂಗುರ ಯಾರದ್ದೋ ಕಳೆದುಹೋದ ವಸ್ತು, ಮಾಲೀಕರನ್ನು ಹುಡುಕದೆ ಇಟ್ಟುಕೊಂಡರೆ ಕಳ್ಳತನವೇ. ಎರಡನೇ ಮಹಾಯುದ್ಧದ ಸಿಡಿಯದ ಗುಂಡು, ಬಾಂಬುಗಳು ಈಗಲೂ ಸಿಗುತ್ತವೆ. ಅಂಥದ್ದು ಕಂಡರೆ ಮುಟ್ಟದೆ ದೂರ ಸರಿದು 999ಕ್ಕೆ ಕರೆ ಮಾಡಿ.

ಪ್ರಶ್ನೆ (ಆಕ್ಸ್‌ಫರ್ಡ್‌ನಿಂದ): ಮೇಡಂ, ನನಗೆ ಅನುಮತಿ ಇರುವ ಹೊಲದಲ್ಲಿ ಹುಲ್ಲು ಒಣಗಿ ನೆಲದ ಮೇಲೆ ಹಳದಿ ಗೆರೆಗಳು ಕಾಣಿಸಿಕೊಂಡಿವೆ. ಒಂದು ಚೌಕ, ಅದರ ಪಕ್ಕ ಉದ್ದನೆಯ ಪಟ್ಟಿ. ಅಲ್ಲೇ ಹುಡುಕಬಹುದಾ?

ಉತ್ತರ (ಪುರಾತತ್ತ್ವಜ್ಞೆ): ಫೋಟೋ ತೆಗೆದಿಡಿ, ಸಾಧ್ಯವಾದರೆ ಎತ್ತರದಿಂದ. ಒಂದು ಜೋರು ಮಳೆಗೆ ಅವು ಮಾಯವಾಗುತ್ತವೆ. ನೆಲದಡಿ ಕಲ್ಲಿನ ಅಡಿಪಾಯ ಇದ್ದರೆ ಮೇಲೆ ಮಣ್ಣಿನ ಪದರ ತೆಳುವಾಗಿ ಹುಲ್ಲು ಬೇಗ ಒಣಗಿ ಹಳದಿಯಾಗುತ್ತದೆ. ಹಳೆಯ ಕಂದಕ ಮುಚ್ಚಿಹೋದ ಜಾಗದಲ್ಲಿ ಆಳವಾದ ಮಣ್ಣು ತೇವ ಹಿಡಿದಿಡುತ್ತದೆ, ಅಲ್ಲಿ ಮಾತ್ರ ಹಸಿರು. 2018ರ ಬಿಸಿ ಬೇಸಿಗೆಯಲ್ಲಿ ವಿಮಾನದಿಂದ ಹೀಗೆಯೇ ಬ್ರಿಟನ್ನಿನುದ್ದಕ್ಕೂ ಅನೇಕ ಹಳೆಯ ನೆಲೆಗಳು ಕಂಡವು. ನಿಮ್ಮದು ಕಟ್ಟಡದ ಗೋಡೆಗಳಂತೆ ಕೇಳಿಸುತ್ತಿದೆ.

ಪುರಾತನ ಸ್ಥಳಗಳನ್ನು ಕಾಯುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡಿನ ರಾಷ್ಟ್ರೀಯ ಪರಂಪರೆ ಪಟ್ಟಿಯಲ್ಲಿ ಆ ಹೊಲ ಇದೆಯಾ ಎಂದು ಇವತ್ತೇ ನೋಡಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ಡಿಟೆಕ್ಟರ್ ಬಳಸುವುದೇ 1979ರ ಕಾಯಿದೆಯಡಿ ಅಪರಾಧ, ರೈತರ ಅನುಮತಿ ಅಲ್ಲಿ ನಡೆಯುವುದಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೂ ಆ ಗೆರೆಗಳ ಮೇಲೆ ಅಗೆಯದೆ ನೆಲದಲ್ಲಿ ಸಿಕ್ಕ ವಸ್ತುಗಳನ್ನು ದಾಖಲಿಸುವ ನಿಮ್ಮ ಜಿಲ್ಲೆಯ ಫೈಂಡ್ಸ್ ಲಿಯೇಸನ್ ಆಫೀಸರ್‌ಗೆ ಫೋಟೋ ಕಳಿಸಿ. ಉಳಿದ ಕಡೆಯೂ ಉಳುಮೆಯ ಪದರ ಮುಗಿದಲ್ಲಿ, ಅಂದರೆ ಸಾಮಾನ್ಯವಾಗಿ 20–25 ಸೆಂಟಿಮೀಟರಿಗೆ, ನಿಲ್ಲಿಸಿ. ಅದರ ಕೆಳಗಿನದು ಯಾರೂ ಕದಡದ ಪದರ, ಒಮ್ಮೆ ಕಿತ್ತರೆ ಅಲ್ಲಿನ ಕಥೆ ಹೋಯಿತು.

ಮುನ್ನೂರು ವರ್ಷ ದಾಟಿದ, ಕನಿಷ್ಠ ಹತ್ತು ಶೇಕಡಾ ಬೆಳ್ಳಿ ಅಥವಾ ಚಿನ್ನ ಇರುವ ಎರಡು ಅಥವಾ ಹೆಚ್ಚು ನಾಣ್ಯ ಒಟ್ಟಿಗೆ ಸಿಕ್ಕರೆ 1996ರ ಟ್ರೆಷರ್ ಕಾಯಿದೆ ಪ್ರಕಾರ 14 ದಿನದೊಳಗೆ ಇಂತಹ ನಿಧಿಯ ವಿಚಾರಣೆ ನಡೆಸುವ ಕರೋನರ್‌ಗೆ ತಿಳಿಸಬೇಕು. ಈ ಕೆಲಸವನ್ನೂ ಫೈಂಡ್ಸ್ ಆಫೀಸರ್ ಮೂಲಕ ಮಾಡಬಹುದು.

ಪ್ರಶ್ನೆ (ರೆಡಿಂಗ್‌ನಿಂದ): ನರ್ಸ್ ಮೇಡಂ ಇದ್ದರೆ ಒಂದು ಮಾತು. ನಾಲ್ಕು ಗಂಟೆ ಹೊಲದಲ್ಲಿದ್ದರೆ ಎಷ್ಟು ನೀರು ಬೇಕು? ಸಂಜೆ ತಲೆನೋವು ಬರುತ್ತೆ.

ಉತ್ತರ (ನರ್ಸ್): ಬಾಯಾರುವವರೆಗೆ ಕಾಯಬೇಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, 200–250 ಮಿಲಿಲೀಟರ್. ನಾಲ್ಕು ಗಂಟೆಗೆ ಮೂರು ಲೀಟರ್ ಹೊತ್ತೊಯ್ಯಿರಿ, ಗುಂಡಿಗೆ ಸುರಿಯುವ ನೀರು ಬೇರೆ ಇರಲಿ. ಗಂಟೆಗೆ ಒಂದೂವರೆ ಲೀಟರ್ ದಾಟುವುದೂ ಒಳ್ಳೆಯದಲ್ಲ, ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಬೆವರು ಜಾಸ್ತಿ ಇರುವವರಿಗೆ ಉಪ್ಪು ಹಾಕಿದ ನೀರುಮಜ್ಜಿಗೆ ಚೆನ್ನ, ತಣ್ಣಗಿರುವ ಫ್ಲಾಸ್ಕಿನಲ್ಲಿ ಒಯ್ಯಿರಿ. ಓಆರ್‌ಎಸ್ ಕುಡಿಯುವವರು ಗಮನಿಸಿ: ಇಲ್ಲಿನ ಡಯೊರಲೈಟ್ ಸ್ಯಾಷೆ 200 ಮಿಲಿಲೀಟರ್ ನೀರಿಗೆ, ಊರಿಂದ ತಂದ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ. ಎರಡನ್ನೂ ಒಂದೇ ಅಳತೆಯಲ್ಲಿ ಕಲಸಬೇಡಿ.

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬಿಸಿಲಿಗೆ ಕಷ್ಟ, ಹಗುರವಾದದ್ದು ಹಾಕಿ. ತಲೆ ಸುತ್ತು, ವಾಕರಿಕೆ, ವಿಪರೀತ ಬೆವರು ಬಂದರೆ ನೆರಳಿನಲ್ಲಿ ಮಲಗಿ ಕಾಲು ಎತ್ತರಿಸಿ, ಮೈ ಒದ್ದೆ ಮಾಡಿ, ನೀರು ಕುಡಿಯಿರಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ, ಅಥವಾ ಮಾತು ತಡವರಿಸಿದರೆ ತಕ್ಷಣ 999. ಈ ಕಾರಣಕ್ಕೇ ಒಬ್ಬರೇ ಹೋಗಬೇಡಿ ಎನ್ನುವುದು. ಉದ್ದ ಹುಲ್ಲಿನಲ್ಲಿ ಟಿಕ್ ಎಂಬ ಉಣ್ಣೆಹುಳ ಇರುತ್ತದೆ, ಲೈಮ್ ಕಾಯಿಲೆ ತರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಮನೆಗೆ ಬಂದು ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ನೋಡಿಕೊಳ್ಳಿ. ಬೆವರಿದರೂ ಗ್ಲೌಸ್ ತೆಗೆಯಬೇಡಿ, ಟೆಟನಸ್ ಚುಚ್ಚುಮದ್ದು ಆಗಿದೆಯಾ ಎಂದು ನಿಮ್ಮ ಕುಟುಂಬ ವೈದ್ಯರ (ಜಿಪಿ) ಬಳಿ ಕೇಳಿ.

ಪ್ರಶ್ನೆ (ಲೀಸ್ಟರ್‌ನಿಂದ): ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಮಿಷನ್ ತೆಗೆದುಕೊಂಡು ಹೋಗಿ ನಮ್ಮ ಹೊಸಪೇಟೆ ಕಡೆ ಹುಡುಕಬಹುದಾ? ಸಿಕ್ಕ ಕೆಲವು ರೋಮನ್ ನಾಣ್ಯಗಳನ್ನು ಅಪ್ಪನಿಗೆ ಕೊಡುವ ಆಸೆಯೂ ಇದೆ.

ಉತ್ತರ (ಪುರಾತತ್ತ್ವಜ್ಞೆ): ಮಿಷನ್ ಇಲ್ಲೇ ಇರಲಿ. ಹಂಪಿ ಪಕ್ಕದಲ್ಲಿ ಡಿಟೆಕ್ಟರ್ ಹಿಡಿದು ನಿಂತವರನ್ನು ಜನ ನಿಧಿಗಳ್ಳರು ಎಂದೇ ಹಿಡಿಯುತ್ತಾರೆ, ಅವರ ಅನುಮಾನಕ್ಕೆ ಕಾರಣವೂ ಇದೆ. ನಿಧಿ ಆಸೆಗೆ ಅಗೆದು ಹಾಳಾದ ಗುಡಿಗಳು ನಮ್ಮಲ್ಲಿ ಎಷ್ಟೋ. ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿ ಇಲ್ಲದೆ ಅಗೆಯುವುದು 1958ರ ಕೇಂದ್ರ ಕಾಯಿದೆಯಡಿ ಅಪರಾಧ. ಸ್ವಂತ ಜಮೀನಿನಲ್ಲಿ ಸಿಕ್ಕರೂ ಕರ್ನಾಟಕದ 1962ರ ನಿಧಿ ಕಾಯಿದೆ ಇದೆ, ಸರ್ಕಾರಕ್ಕೆ ತಿಳಿಸಲೇಬೇಕು.

ನಾಣ್ಯಗಳ ವಿಷಯ: ಬ್ರಿಟನ್ನಿನ ಮಣ್ಣಿನಲ್ಲಿ ಸಿಕ್ಕ, ಐವತ್ತು ವರ್ಷ ದಾಟಿದ ಪುರಾತತ್ತ್ವ ವಸ್ತುವನ್ನು ಬೆಲೆ ಎಷ್ಟೇ ಇರಲಿ, ಹೊರದೇಶಕ್ಕೆ ಒಯ್ಯಲು ರಫ್ತು ಪರವಾನಗಿ ಬೇಕು. ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿ. ಅದಕ್ಕೂ ಮೊದಲು ಆ ನಾಣ್ಯಗಳನ್ನು ಫೈಂಡ್ಸ್ ಆಫೀಸರ್ ಬಳಿ ದಾಖಲು ಮಾಡಿಸಿ, ಸಿಕ್ಕ ಜಾಗದ ಗ್ರಿಡ್ ಸಂಖ್ಯೆ (ನಕ್ಷೆಯಲ್ಲಿ ಜಾಗ ಗುರುತಿಸುವ ಸಂಖ್ಯೆ) ಜೊತೆಗಿರಲಿ.

ಲೀಸ್ಟರ್‌ನಿಂದ: ಗ್ರಿಡ್ ಸಂಖ್ಯೆ ಬರೆದಿಟ್ಟಿಲ್ಲ ಮೇಡಂ, ಹೊಲ ಯಾವುದೆಂದು ಮಾತ್ರ ಗೊತ್ತು.

ಉತ್ತರ (ಪುರಾತತ್ತ್ವಜ್ಞೆ): ಹೊಲದ ನಡುವಿನ ಸಂಖ್ಯೆ ಕೊಟ್ಟು, ಅಂದಾಜು ಎಂದು ಬರೆಯಿರಿ. ಮುಂದಿನ ಸಲದಿಂದ ಪ್ರತಿ ವಸ್ತುವಿಗೂ ಒಂದು ಸಣ್ಣ ಜಿಪ್ ಚೀಲ, ಅದರ ಮೇಲೆ ದಿನಾಂಕ ಮತ್ತು ಎಂಟು ಅಂಕಿಯ ಗ್ರಿಡ್ ಸಂಖ್ಯೆ. ಬಿಸಿಲಿಗೆ ಮಾಸದ ಪರ್ಮನೆಂಟ್ ಮಾರ್ಕರ್ ಬಳಸಿ. ಬಾಲ್‌ಪೆನ್ನಿನ ಬರಹ ಬೆವರಿದ ಕೈಗೆ ಅಳಿಸಿಹೋಗುತ್ತದೆ.